ಮಣ್ಣಿನ ಚಟ್ಟಿಗೆ ಹೊಡೆದ ಬಣ್ಣ ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದಿದೆ, ಎಂತ ಮಾಡುವುದು?

ತಾರಸಿತೋಟ_ಕದ್ರಿ
ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು. ಬೇಜಾರಾಗಿ ಬರೆಯುತ್ತಿದ್ದೇನೆ, ನಗಬೇಡಿ.

ಏಪ್ರಿಲ್ ರಜೆಯಲ್ಲಿ ಮಗಳೂ ನಾನೂ ಸೇರಿ 14 ಮಣ್ಣಿನ ಹೂವಿನ ಚಟ್ಟಿಗೆ ಬಣ್ಣ ಹೊಡೆದೆವು. ಅಕ್ರಿಲಿಕ್ ಬಣ್ಣದ ಸಣ್ಣ ಬಾಟ್ಲಿಗಳು, ಎರಡು ಬ್ರಶ್ಶು, ಮೇಲಿಂದ ಎರಡು ಕೈ ವಾರ್ನಿಶ್. ಒಂದರಲ್ಲಿ ಕಂಬಳದ ಕೋಣ, ಒಂದರಲ್ಲಿ ಬಂಗುಡೆ ಮೀನಿನ ಸಾಲು, ಉಳಿದದ್ದರಲ್ಲಿ ರಂಗೋಲಿ. ತಾರಸಿಯಲ್ಲಿ ಸಾಲಾಗಿ ಇಟ್ಟಾಗ ಪಕ್ಕದ ಮನೆಯವರು ಬಂದು ಫೋಟೋ ತೆಗೆದುಕೊಂಡು ಹೋದರು. ಜುಲೈಗೆ ಅಲ್ಲಲ್ಲಿ ಗುಳ್ಳೆ ಎದ್ದಿತು. ಈಗ ಸೆಪ್ಟೆಂಬರ್. ಮುಟ್ಟಿದರೆ ಇಡೀ ಕೋಣ ಕೈಗೆ ಬರುತ್ತದೆ. ಅದರ ಹಿಂದೆ ಬಿಳಿ ಹಿಟ್ಟಿನ ಹಾಗೆ ಏನೋ ಅಂಟಿದೆ.

ಅಗ್ಗದ ಬಣ್ಣ ತಂದದ್ದೇ ತಪ್ಪು ಅಂತ ನಮ್ಮವರು ಹೇಳುತ್ತಾರೆ. ಆದರೆ ನನಗೆ ಅರ್ಥವಾಗದ್ದು ಒಂದುಂಟು. ಮಳೆಯೇ ಬೀಳದ ಜಗಲಿಯಲ್ಲಿ ಇಟ್ಟ ಎರಡು ಚಟ್ಟಿಯದ್ದೂ ಎದ್ದಿದೆ. ಗಿಡ ಸತ್ತುಹೋಗಿ, ನೀರಿನ ಟ್ಯಾಂಕಿಯ ಪಕ್ಕ ಬೋರಲು ಹಾಕಿಟ್ಟ ಒಂದು ಖಾಲಿ ಚಟ್ಟಿ ಮಳೆಯಲ್ಲೇ ಬಿದ್ದಿದ್ದರೂ ಹೊಸದರ ಹಾಗೆ ಉಂಟು. ಇದೆಂತ ವಿಚಿತ್ರ?

ಸುಮ್ನೆ_ಓದುವವ
ಕೋಣ ಕೈಗೆ ಬಂತಾ? ಕಂಬಳದ ಗದ್ದೆಯಲ್ಲಿ ನಾಲ್ಕು ಜನ ಹಿಡಿದರೂ ಬರುವುದಿಲ್ಲ ಅದು.

ಕುಲಶೇಖರ_ಬೈಕ್
ನಿಮ್ಮವರು ಹೇಳಿದ್ದು ಸರಿ. ಮಕ್ಕಳು ಚಿತ್ರ ಬಿಡಿಸುವ ಬಣ್ಣ ನಮ್ಮ ಮಳೆಗೆ ನಿಲ್ಲುತ್ತದಾ? ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಬೀಳುವ ಊರು ಇದು. ಗೋಡೆಯ ಹೊರಗೆ ಹೊಡೆಯುವ ಎಕ್ಸ್‌ಟೀರಿಯರ್ ಎಮಲ್ಷನ್ ತನ್ನಿ. ಕಥೆ ಮುಗಿಯಿತು.

ಬ್ರಶ್_ಭಾವ
ಕಥೆ ಮುಗಿಯಲಿಲ್ಲ. ಅಕ್ಕ, ಬಣ್ಣದ್ದು ತಪ್ಪಿಲ್ಲ. ಮನೆಗಳಿಗೆ ಪೇಂಟ್ ಮಾಡುವುದೇ ನನ್ನ ಹೊಟ್ಟೆಪಾಡು, 22 ವರ್ಷ ಆಯಿತು. ನೀವು ಬರೆದ ಕೊನೆಯ ಸಾಲಿನಲ್ಲೇ ಉತ್ತರ ಉಂಟು. ಮಳೆಗೆ ನೆನೆದ ಖಾಲಿ ಚಟ್ಟಿ ಚೆನ್ನಾಗಿದೆ, ಮಳೆ ಕಾಣದ ಜಗಲಿಯ ಚಟ್ಟಿ ಎದ್ದಿದೆ. ಅಂದರೆ ನೀರು ಬಂದದ್ದು ಆಕಾಶದಿಂದ ಅಲ್ಲ, ಒಳಗಿನಿಂದ.

ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ತೂತು ತುಂಬಾ. ಹೂಜಿಯಲ್ಲಿ ನೀರು ತಂಪಾಗುವುದು ಹೇಗೆ? ನೀರು ಜಿನುಗಿ ಹೊರಮೈಗೆ ಬಂದು ಆರುತ್ತದೆ, ಆರುವಾಗ ಒಳಗಿನ ಬಿಸಿ ಎಳೆದುಕೊಂಡು ಹೋಗುತ್ತದೆ. ಹೂವಿನ ಚಟ್ಟಿಯದ್ದೂ ಅದೇ ಕೆಲಸ. ನೀವು ದಿನಾ ಗಿಡಕ್ಕೆ ನೀರು ಹಾಕುತ್ತೀರಿ, ಅದು ಗೋಡೆಯೊಳಗಿಂದ ಹೊರಗೆ ಹೊರಡುತ್ತದೆ. ಬಾಗಿಲಲ್ಲಿ ಬಣ್ಣ, ಅದರ ಮೇಲೆ ಎರಡು ಕೈ ವಾರ್ನಿಶ್. ಎಲ್ಲಿಗೆ ಹೋಗಬೇಕು? ಬಣ್ಣವನ್ನೇ ತಳ್ಳುತ್ತದೆ. ಆ ಬಿಳಿ ಹಿಟ್ಟು ಉಪ್ಪು. ಗೊಬ್ಬರದಲ್ಲಿ, ನೀರಿನಲ್ಲಿ ಕರಗಿದ್ದು ಹೊರಮೈಗೆ ಬಂದು ಹರಳಾಗಿ ಬಣ್ಣದ ಅಡಿಗೆ ಕೂತಿದೆ. ಬಾತ್‌ರೂಮಿನ ಹಿಂದಿನ ಗೋಡೆಯಲ್ಲಿ ಪೇಂಟ್ ಉಬ್ಬುವುದು ನೋಡಿದ್ದೀರಲ್ಲ? ಅದೇ ರೋಗ.

ಇನ್ನು ಎಕ್ಸ್‌ಟೀರಿಯರ್ ಎಮಲ್ಷನ್ ಹೊಡೆದರೆ ಏನಾಗುತ್ತದೆ ಅಂದರೆ, ಆಗಸ್ಟಿನ ಬದಲು ಅಕ್ಟೋಬರಿಗೆ ಏಳುತ್ತದೆ. ಅಷ್ಟೇ.

ಕುಲಶೇಖರ_ಬೈಕ್
ನಮ್ಮ ಮನೆಯಲ್ಲಿ ಎಣ್ಣೆ ಬಣ್ಣ ಹೊಡೆದ ಚಟ್ಟಿ ಮೂರು ವರ್ಷದಿಂದ ಅಂಗಳದಲ್ಲೇ ಉಂಟು. ಒಂದು ಚೂರೂ ಎದ್ದಿಲ್ಲ. ಅದಕ್ಕೆ ಎಂತ ಹೇಳುತ್ತೀರಿ ಭಾವ?

ಬ್ರಶ್_ಭಾವ
ಮಣ್ಣಿನದ್ದಾ?

ಕುಲಶೇಖರ_ಬೈಕ್
ಅಲ್ಲ, ಸಿಮೆಂಟಿನದ್ದು.

ಸುಮ್ನೆ_ಓದುವವ
🤦

ಬ್ರಶ್_ಭಾವ
ಸಿಮೆಂಟಿನದ್ದು ಬೇರೆಯೇ ಜಾತಿ ಮಾರಾಯ್ರೆ. ನಿಮ್ಮದು ಹಳೆಯ ಚಟ್ಟಿ ಇರಬೇಕು, ಅದಕ್ಕೆ ಬದುಕಿತು. ಹೊಸ ಸಿಮೆಂಟಿನಲ್ಲಿ ಕ್ಷಾರ ಜಾಸ್ತಿ. ಅದರ ಮೇಲೆ ಎಣ್ಣೆ ಬಣ್ಣ ಹೊಡೆದರೆ ಎಣ್ಣೆಯೂ ಕ್ಷಾರವೂ ಸೇರಿ ಸಾಬೂನೇ ಆಗುತ್ತದೆ. ತಮಾಷೆ ಅಲ್ಲ. ಸಾಬೂನು ಮಾಡುವುದೇ ಹಾಗೆ ಅಲ್ವಾ? ಬಣ್ಣ ಮೆತ್ತಗಾಗಿ ಅಂಟಂಟಾಗುತ್ತದೆ. ಹೊಸ ಸಿಮೆಂಟ್ ಚಟ್ಟಿ ತಂದರೆ ಕಡಿಮೆ ಅಂದರೂ 28 ದಿನ ಬಿಡಿ. ಆಗಾಗ ನೀರು ತುಂಬಿಸಿ ಚೆಲ್ಲಿ, ಆಮೇಲೆ ಒಣಗಿಸಿ ಬಣ್ಣ.

ಮಣಿಪಾಲ_ಬಾಲ್ಕನಿ
ಪ್ಲಾಸ್ಟಿಕ್ ಚಟ್ಟಿಗೆ ಎಂತ ಮಾಡುವುದು ಸರ್? ಬಾಡಿಗೆ ಮನೆ, ಆರನೇ ಮಹಡಿ, ಭಾರದ್ದು ಇಡಬೇಡಿ ಅಂತ ಮಾಲೀಕರ ಆರ್ಡರ್. ಬಣ್ಣ ಹೊಡೆದರೆ ಉಗುರಿಗೇ ಕಿತ್ತು ಬರುತ್ತದೆ.

ಬ್ರಶ್_ಭಾವ
ಸರ್ ಬೇಡ, ಭಾವ ಸಾಕು. ಪ್ಲಾಸ್ಟಿಕ್ ನುಣುಪು, ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ. ಸಾಬೂನು ಹಾಕಿ ತೊಳೆದು, ಹೊಳಪು ಹೋಗುವವರೆಗೆ ಸ್ಯಾಂಡ್ ಪೇಪರಿನಿಂದ ಉಜ್ಜಿ, ಸ್ಪಿರಿಟಿನಲ್ಲಿ ಒರೆಸಿ. ಪ್ಲಾಸ್ಟಿಕ್ಕಿಗೇ ಅಂತ ಪ್ರೈಮರ್ ಸಿಗುತ್ತದೆ, ಅದು ಒಂದು ಕೈ. ಆಮೇಲೆ ಯಾವ ಬಣ್ಣವಾದರೂ ಆಗಬಹುದು. ಕಪ್ಪು ಮಾತ್ರ ಬೇಡ. ಆರನೇ ಮಹಡಿಯ ಬಿಸಿಲಿಗೆ ಕಪ್ಪು ಚಟ್ಟಿಯಲ್ಲಿ ಬೇರು ಬೇಯುತ್ತದೆ.

ಓಡಾರಿಮಗ
ನಾನು ಸ್ವಲ್ಪ ಜಗಳ ಮಾಡಿಯೇ ಶುರು ಮಾಡುತ್ತೇನೆ. ಮಣ್ಣಿನ ಚಟ್ಟಿಗೆ ಬಣ್ಣ ಯಾಕೆ? ನನ್ನ ಅಜ್ಜ ತಿಗರಿ ತಿರುಗಿಸುತ್ತಿದ್ದವರು. ನಮ್ಮ ಮನೆಯ ಅಳಗೆ, ಮಡಿಕೆ ಊರಿನ ಜಾತ್ರೆಗೆಲ್ಲ ಹೋಗುತ್ತಿತ್ತು. ಚಟ್ಟಿಗೆ ತೂತು ಇರುವುದು ದೋಷ ಅಲ್ಲ, ಅದೇ ಅದರ ಗುಣ. ಬೇರಿಗೆ ಗಾಳಿ ಹೋಗುತ್ತದೆ, ಹೆಚ್ಚಾದ ನೀರು ಗೋಡೆಯಿಂದಲೇ ಆರಿ ಹೋಗುತ್ತದೆ. ಅದನ್ನೆಲ್ಲ ಮುಚ್ಚಿ ಮೇಲೆ ಹೂ ಬಿಡಿಸುವುದು, ಹತ್ತಿಯ ಅಂಗಿ ಹಾಕಿ ಮೇಲೆ ರೈನ್‌ಕೋಟ್ ಹಾಕಿಕೊಂಡು ಮಲಗಿದ ಹಾಗೆ. ನೇತ್ರಾವತಿ ದಡದ ಜೇಡಿಮಣ್ಣಿನ ಕೆಂಪಿಗಿಂತ ಚಂದದ ಬಣ್ಣ ಯಾವ ಬಾಟ್ಲಿಯಲ್ಲಿ ಉಂಟು ಹೇಳಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ಆ ಮಣ್ಣು ನೋಡಿಯೇ. ಆ ಹೆಂಚು ಹಡಗು ಹತ್ತಿ ಹೊರದೇಶಕ್ಕೆ ಹೋಯಿತು, ಬಣ್ಣ ಹೊಡೆಸಿಕೊಳ್ಳದೆ.

ತಾರಸಿತೋಟ_ಕದ್ರಿ
ಅಣ್ಣ, ನೀವು ಹೇಳಿದ್ದು ಒಪ್ಪಿದೆ. ಆದರೆ ಮಗಳಿಗೆ ಆ ಮಾತು ಹೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಅವಳಿಗೆ ಒಂಬತ್ತು ವರ್ಷ. ಕೋಣ ಅವಳದ್ದು.

ಓಡಾರಿಮಗ
ಹಾಗಾದರೆ ಕೋಣ ಇರಲಿ. ನಾನು ದೊಡ್ಡವರಿಗೆ ಹೇಳಿದ್ದು.

ದುಬೈ_ಕುಡ್ಲ
ಇಲ್ಲಿ ನಮಗೆ ಮಳೆಯೇ ಇಲ್ಲ, ಬಣ್ಣ ಬಿಸಿಲಿಗೆ ಬಿಳಿಚುತ್ತದೆ. ನೀವು ಮಳೆಗೆ ಬೈಯುವುದು ಓದಿ ಹೊಟ್ಟೆ ಉರಿಯುತ್ತದೆ. ಒಂದು ಫೋಟೋ ಹಾಕಿ ಅಕ್ಕ, ಎದ್ದ ಕೋಣವಾದರೂ ಆಗಬಹುದು.

ಮಲ್ಲಿಗೆಯಮ್ಮ
ನಾನು ಶಂಕರಪುರದ ಕಡೆಯವಳು. ತಾರಸಿಯಲ್ಲಿ 40 ಮಲ್ಲಿಗೆ ಚಟ್ಟಿ ಉಂಟು. ಬಣ್ಣ ಅಂತ ನಾವು ಹಚ್ಚುವುದು ಸುಣ್ಣ ಒಂದೇ. ಅತ್ತೆಯ ಕಾಲದಿಂದಲೂ ಹಾಗೇ. ಚಿಪ್ಪಿ ಸುಣ್ಣ ನೀರಿನಲ್ಲಿ ನೆನೆಹಾಕಿ, ಒಂದು ದಿನ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಅದಕ್ಕೆ ತಣ್ಣಗಿನ ಗಂಜಿ ತಿಳಿ ಮತ್ತು ಒಂದು ಮುಷ್ಟಿ ಉಪ್ಪು. ಗಂಜಿ ಹಾಕದಿದ್ದರೆ ಮುಟ್ಟಿದವರ ಸೀರೆಗೆಲ್ಲ ಬಿಳಿ. ತೆಳ್ಳಗೆ ಮೂರು ಕೈ ಹಚ್ಚಬೇಕು. ಹಚ್ಚುವಾಗ ನೀರಿನ ಹಾಗೆ ಕಾಣುತ್ತದೆ, ಒಣಗಿದ ಮೇಲೆ ಬೆಳ್ಳಗೆ ಬರುತ್ತದೆ. ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಹಚ್ಚಿದರೆ ಆಯಿತು. ಅದು ಎದ್ದು ಸಿಪ್ಪೆ ಆಗುವುದೇ ಇಲ್ಲ, ಸುಮ್ನೆ ಸವೆಯುತ್ತದೆ. ಬಿಸಿಲಿಗೂ ಒಳ್ಳೆಯದು, ಬಿಳಿ ಚಟ್ಟಿ ಕಾಯುವುದು ಕಡಿಮೆ.

ಬ್ರಶ್_ಭಾವ
ಅಮ್ಮ ಹೇಳಿದ್ದು ನೂರಕ್ಕೆ ನೂರು. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಮತ್ತೆ ಕಲ್ಲೇ ಆಗುತ್ತದೆ, ಆದರೆ ಉಸಿರಾಡುವ ಕಲ್ಲು. ಒಳಗಿನ ಪಸೆ ಅದರ ಮೂಲಕ ಹೊರಗೆ ಹೋಗುತ್ತದೆ. ಕೇಪುಳದ ಚಟ್ಟಿಗೆ ಒಳಗಡೆ ಮಾತ್ರ ಸುಣ್ಣ ತಾಗಿಸಬೇಡಿ, ಅದಕ್ಕೆ ಹುಳಿ ಮಣ್ಣೇ ಬೇಕು, ಎಲೆ ಹಳದಿಯಾಗುತ್ತದೆ.

ತಾರಸಿತೋಟ_ಕದ್ರಿ
ಬಿಳಿ ಒಂದೇನಾ ಅಮ್ಮ? ಬೇರೆ ಬಣ್ಣ?

ಮಲ್ಲಿಗೆಯಮ್ಮ
ತುಳಸಿಕಟ್ಟೆಗೆ ಕೆಮ್ಮಣ್ಣು ಪಟ್ಟಿ ಎಳೆಯುವುದಿಲ್ವಾ, ಹಾಗೇ. ಬಿಳಿಯ ಮೇಲೆ ಕೆಮ್ಮಣ್ಣು.

ಮಣಿಪಾಲ_ಬಾಲ್ಕನಿ
ಕೆಮ್ಮಣ್ಣು ಎಲ್ಲಿ ಸಿಗುತ್ತದೆ?

ಸುಮ್ನೆ_ಓದುವವ
ಕೆಮ್ಮಣ್ಣು ಅಂತ ಊರೇ ಉಂಟಲ್ಲ, ಉಡುಪಿಯಿಂದ ಬಸ್ಸು ಉಂಟು. ಇಳಿದು ತೂಗುಸೇತುವೆಯನ್ನೂ ನೋಡಿ ಬನ್ನಿ.

ಮಣಿಪಾಲ_ಬಾಲ್ಕನಿ
ಹೋಗಿ ಬಂದೆ. ಸೇತುವೆ ಚೆನ್ನಾಗಿತ್ತು. ಮಣ್ಣು ಕೇಳಿದ್ದಕ್ಕೆ ಎಲ್ಲರೂ ನಕ್ಕರು 😐

ಕಾವಿಪ್ರಿಯ
ಕೆಮ್ಮಣ್ಣು ಮತ್ತು ಸುಣ್ಣ ಅಂದ ಮೇಲೆ ನನ್ನ ಬಾಯಿ ಸುಮ್ಮನೆ ಕೂರುವುದಿಲ್ಲ. ಗೋವಾ, ಉತ್ತರ ಕನ್ನಡದ ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ಕಾವಿ ಕಲೆ ನೋಡಿದ್ದೀರಾ? ಬಿಳಿ ಗಾರೆಯ ಮೇಲೆ ಕಾವಿಯ ಪದರ ಹಚ್ಚಿ, ಹಸಿ ಇರುವಾಗಲೇ ಮೊನೆಯಿಂದ ಕೆರೆದು ಬಿಳಿ ಗೆರೆ ತೆಗೆಯುವುದು. ನಾನು ಚಟ್ಟಿಯಲ್ಲಿ ಅದರ ಕಳ್ಳ ದಾರಿ ಮಾಡಿದ್ದೇನೆ. ಮೂರು ಕೈ ಸುಣ್ಣ, ಅದು ಒಣಗಿದ ಮೇಲೆ ಗಂಜಿ ತಿಳಿಯಲ್ಲಿ ಕದಡಿದ ಕೆಮ್ಮಣ್ಣು ಒಂದು ಕೈ, ಅರೆ ಒಣಗಿದಾಗ ತೆಂಗಿನ ಗರಿಯ ಕಡ್ಡಿಯಿಂದ ಗೀಚುವುದು. ಗೆರೆ ಮೂಡುತ್ತದೆ. ಮಳೆಗೆ ಸ್ವಲ್ಪ ಮಾಸಿತು, ಆದರೆ ಏಳಲಿಲ್ಲ. ಮೊದಲ ಎರಡು ಚಟ್ಟಿ ಹಾಳು ಮಾಡಿದೆ. ಪೂರ್ತಿ ಒಣಗಲಿಕ್ಕೆ ಬಿಟ್ಟರೆ ಗೆರೆ ಬದಲು ಚಕ್ಕೆ ಏಳುತ್ತದೆ.

ಯಕ್ಷಪ್ರೇಮಿ
ನನ್ನದೂ ಒಂದು ಸೇರಿಸಿ. ಯಕ್ಷಗಾನದ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖ ಬಿಡಿಸಿದ್ದೇನೆ, ಮುಖದ ಮೇಲಿನ ಚುಟ್ಟಿಯನ್ನು ಬಿಳಿ ಪುಟ್ಟಿಯಿಂದ ಮುಳ್ಳು ಮುಳ್ಳಾಗಿ ಎಬ್ಬಿಸಿದ್ದೇನೆ. ಮೇಲೆ ಜರಿಗಿಡ ನೆಟ್ಟರೆ ಅದೇ ಕೇಶಾವರಿ ಕಿರೀಟ. ರಾತ್ರಿ ಲೈಟ್ ಬಿದ್ದರೆ ನಮ್ಮ ನಾಯಿಯೇ ಬೊಗಳುತ್ತದೆ.

ಕುಲಶೇಖರ_ಬೈಕ್
ಭಾರೀ! ಇನ್ನು ಪಂಜುರ್ಲಿ ದೈವದ ಮುಖವನ್ನೂ ಮಾಡಿ, ಸೇಲಾಗುತ್ತದೆ.

ಕಟ್ಟೆಯ_ಮೇಲೆ
ಅದು ಬೇಡ. ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲದ ಸೇವೆ ಕೊಡುತ್ತೇವೆ. ಮಣ್ಣು, ಗೊಬ್ಬರ, ಕಾಲಿಗೆ ತಾಗುವ ಚಟ್ಟಿಯಲ್ಲಿ ದೈವದ ಮುಖ ನೋಡಲಿಕ್ಕೆ ನನಗೆ ಆಗುವುದಿಲ್ಲ.

ಕುಲಶೇಖರ_ಬೈಕ್
ಟಿ ಶರ್ಟಿನಲ್ಲಿ ಉಂಟು, ಕಾರಿನ ಗಾಜಿನಲ್ಲಿ ಉಂಟು. ಚಟ್ಟಿಯಲ್ಲಿ ಮಾತ್ರ ತಪ್ಪಾ?

ಕಟ್ಟೆಯ_ಮೇಲೆ
ಅಲ್ಲೆಲ್ಲ ಸರಿ ಅಂತ ಯಾರು ಹೇಳಿದ್ದು?

ಯಕ್ಷಪ್ರೇಮಿ
ನಾನೂ ದೈವದ್ದು ಮಾಡುವುದಿಲ್ಲ. ವೇಷ ಬೇರೆ, ದೈವ ಬೇರೆ. ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ಒರೆಸಿದರೆ ವೇಷ ಮುಗಿಯಿತು. ದೈವದ್ದು ಹಾಗಲ್ಲ.

ಕುಲಶೇಖರ_ಬೈಕ್
ಸರಿ ಸರಿ, ಬಾಯಿ ತಪ್ಪಿ ಬಂತು. ಬಿಡಿ.

ಬಸಳೆ_ಚಪ್ಪರ
ನನ್ನದು ಬೇರೆ ಪ್ರಶ್ನೆ. ಮನೆಗೆ ಪೇಂಟ್ ಮಾಡಿಸಿದಾಗ ಉಳಿದ 20 ಲೀಟರಿನ ಡಬ್ಬಿಯಲ್ಲಿ ಬಸಳೆ ನೆಟ್ಟಿದ್ದೇನೆ. ಹೊರಗಿನಿಂದ ಹಳೆಯ ಎಣ್ಣೆ ಬಣ್ಣ ಹೊಡೆದಿದ್ದೇನೆ. ಅಜ್ಜನ ಪೆಟ್ಟಿಗೆಯಲ್ಲಿ ಇದ್ದ ಡಬ್ಬ. ಬಸಳೆ ಪುಂಡಿ ಮಾಡಿ ತಿಂದದ್ದೂ ಆಯಿತು. ಈಗ ಹೆದರಿಕೆ ಶುರುವಾಗಿದೆ.

ಬ್ರಶ್_ಭಾವ
ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇರುತ್ತಿತ್ತು. ಮನೆಗೆ ಹೊಡೆಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದು ಅಂತ ಸರಕಾರದ ನಿಯಮ ಬಂದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅಜ್ಜನ ಡಬ್ಬ ಅದಕ್ಕಿಂತ ಮೊದಲಿನದ್ದು. ಬಣ್ಣ ಪ್ಲಾಸ್ಟಿಕ್ಕಿನ ಹೊರಗೆ ಇದ್ದರೆ ಗೋಡೆ ದಾಟಿ ಬೇರಿಗೆ ಹೋಗುವುದಿಲ್ಲ, ಆದರೆ ಚಕ್ಕೆ ಎದ್ದು ಮಣ್ಣಿಗೆ ಬೀಳಬಾರದು, ಮಕ್ಕಳ ಬಾಯಿಗೂ ಹೋಗಬಾರದು. ಒಣಗಿದ್ದನ್ನು ಉಜ್ಜಿ ಧೂಳು ಮಾಡಬೇಡಿ. ನಾನಾದರೆ ಆ ಡಬ್ಬಿಯನ್ನೇ ಬದಲಿಸುತ್ತೇನೆ. ತಿನ್ನುವ ಗಿಡದ ಚಟ್ಟಿಗೆ ಒಳಗಡೆ ಯಾವ ಬಣ್ಣವೂ ಬೇಡ.

ಬಸಳೆ_ಚಪ್ಪರ
ಇವತ್ತೇ ಬದಲಿಸುತ್ತೇನೆ. ಪುಂಡಿ ಮಾತ್ರ ಸೂಪರ್ ಆಗಿತ್ತು.

ಗುಳ್ಳ_ಕಟಪಾಡಿ
ಚಟ್ಟಿಯಲ್ಲಿ ಮಟ್ಟುಗುಳ್ಳ ಬದನೆ ಬೆಳೆದವರು ಯಾರಾದರೂ ಇದ್ದೀರಾ?

ಮಲ್ಲಿಗೆಯಮ್ಮ
ಬೆಳೆಯಬಹುದು, ಆದರೆ ಅದು ಮಟ್ಟುಗುಳ್ಳ ಅಲ್ಲ, ಚಟ್ಟಿಗುಳ್ಳ. ಮಟ್ಟು ಊರಿನ ಮಣ್ಣು ಬೇಕು.

ಗುಳ್ಳ_ಕಟಪಾಡಿ
ಬೀಜ ಅಲ್ಲಿಯದ್ದೇ ಅಮ್ಮ.

ಮಲ್ಲಿಗೆಯಮ್ಮ
ಬೀಜ ಅಲ್ಲಿಯದ್ದಾದರೆ ಆಯ್ತಾ? ನಮ್ಮ ಮಲ್ಲಿಗೆ ಗಿಡವನ್ನು ಬೇರೆ ಊರಿಗೆ ತೆಗೆದುಕೊಂಡು ಹೋಗಿ ನೋಡಿ, ಆ ಪರಿಮಳ ಬರುತ್ತದಾ ಅಂತ.

ದುಬೈ_ಕುಡ್ಲ
ಅಮ್ಮ, ಅಟ್ಟೆಗೆ ಈಗ ಎಷ್ಟು?

ಮಲ್ಲಿಗೆಯಮ್ಮ
ನಿನ್ನೆಯದ್ದು ಇವತ್ತು ಇಲ್ಲ ಮಗ. ಮದುವೆ ಸೀಸನ್ ಬಂದರೆ ಏರುತ್ತದೆ, ಮಳೆ ಬಂದರೆ ಹೂವೇ ಇಲ್ಲ. 800 ಹೂ ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆರಳು ನೋಡು ಬಾ, ದರ ಆಮೇಲೆ ಕೇಳು.

ನಿರ್ವಾಹಕ
ಮಲ್ಲಿಗೆ, ಗುಳ್ಳ ಎರಡಕ್ಕೂ ಬೇರೆ ಎಳೆ ಉಂಟು. ದಮ್ಮಯ್ಯ, ಚಟ್ಟಿಗೆ ವಾಪಸ್ ಬನ್ನಿ.

ಬೋಳಾರ_ಬಾವಿಕಟ್ಟೆ
ವಾಪಸ್ ಬಂದೆ. ಯಾರೂ ಹೇಳದ್ದು ಒಂದು ಹೇಳುತ್ತೇನೆ. ಬಣ್ಣ ಹೊಡೆಯುವಾಗ ತಳದ ತೂತು ನೋಡಿಕೊಳ್ಳಿ. ನನ್ನ ಒಂದು ಚಟ್ಟಿಯಲ್ಲಿ ವಾರ್ನಿಶ್ ಇಳಿದು ತೂತು ಮುಚ್ಚಿಹೋಗಿತ್ತು. ಆಂಥೂರಿಯಂ ಕೊಳೆತ ಮೇಲೆ ಗೊತ್ತಾದದ್ದು. ಚಂದಕ್ಕೆ ಅಂತ ಅಡಿಗೆ ಬಣ್ಣದ ತಟ್ಟೆ ಇಡುತ್ತೇವಲ್ಲ, ಅದರಲ್ಲಿ ನಿಂತ ನೀರು ಇನ್ನೊಂದು ತಲೆನೋವು. ಮಂಗಳೂರಿನಲ್ಲಿ 2019ರ ಡೆಂಗಿ ಮರೆತಿಲ್ಲ ತಾನೇ? ನಮ್ಮ ಮನೆಯಲ್ಲಿ ಇಬ್ಬರು ಮಲಗಿದ್ದರು. ತಪಾಸಣೆಗೆ ಬಂದವರು ಮೊದಲು ಬಗ್ಗಿ ನೋಡಿದ್ದೇ ಹೂವಿನ ಚಟ್ಟಿಯ ತಟ್ಟೆ. ಮೊಟ್ಟೆಯಿಂದ ಸೊಳ್ಳೆ ಆಗಲಿಕ್ಕೆ ಒಂದು ವಾರ ಹತ್ತು ದಿನ ಸಾಕು. ಮೂರು ದಿನಕ್ಕೊಮ್ಮೆ ತಟ್ಟೆ ಚೆಲ್ಲಿ ಉಜ್ಜಿ. ಬರೀ ಚೆಲ್ಲಿದರೆ ಮೊಟ್ಟೆ ಅಂಚಿಗೆ ಅಂಟಿಕೊಂಡೇ ಇರುತ್ತದೆ.

ತಾರಸಿತೋಟ_ಕದ್ರಿ
ಅಯ್ಯೋ, ನನ್ನದರಲ್ಲೂ ತಟ್ಟೆ ಉಂಟು. ಈಗಲೇ ಮೇಲೆ ಹೋಗುತ್ತೇನೆ. ಭಾವ, ನಾನು ಮತ್ತೆ ಬಣ್ಣವೇ ಹೊಡೆಯುವುದಾದರೆ ದಾರಿ ಎಂತ? ಸುಣ್ಣದಲ್ಲಿ ಬಂಗುಡೆ ಬರುವುದಿಲ್ಲವಲ್ಲ.

ಬ್ರಶ್_ಭಾವ
ಮೂರು ದಾರಿ ಉಂಟು ಅಕ್ಕ. ನನಗೆ ಇಷ್ಟದ್ದು ಮೊದಲು ಹೇಳುತ್ತೇನೆ. ಬಣ್ಣದ ಚಟ್ಟಿಗೆ ಮಣ್ಣು ತುಂಬಲೇಬೇಡಿ. ಗಿಡ ಸಣ್ಣ ಪ್ಲಾಸ್ಟಿಕ್ ಚಟ್ಟಿಯಲ್ಲಿ ಇರಲಿ, ಅದನ್ನು ಬಣ್ಣದ ಚಟ್ಟಿಯೊಳಗೆ ಇಳಿಸಿ. ಅಡಿಗೆ ಎರಡು ಹೆಂಚಿನ ಚೂರು ಇಟ್ಟು ಸ್ವಲ್ಪ ಎತ್ತರಿಸಿ. ಒಳಗಿಂದ ಪಸೆ ತಾಗದಿದ್ದರೆ ಆ ಮಕ್ಕಳ ಬಣ್ಣವೂ ವರ್ಷಗಟ್ಟಲೆ ಇರುತ್ತದೆ. ನಿಮ್ಮ ಬೋರಲು ಚಟ್ಟಿಯೇ ಸಾಕ್ಷಿ.

ಎರಡನೆಯದ್ದು, ಒಳಗಡೆ ತಾರಸಿಗೆ ಹೊಡೆಯುವ ವಾಟರ್‌ಪ್ರೂಫ್ ಕೋಟಿಂಗ್ ಎರಡು ಕೈ, ಚಟ್ಟಿ ಪೂರ್ತಿ ಒಣಗಿರುವಾಗ. ಹೂವಿನ ಗಿಡಕ್ಕೆ ಮಾತ್ರ. ಈಗ ಹೊಡೆಯಬೇಡಿ, ಚಟ್ಟಿಯ ಗೋಡೆಯೊಳಗೆ ನಾಲ್ಕು ತಿಂಗಳ ನೀರು ಕೂತಿದೆ. ಹಳೆಯ ಬಣ್ಣ ಕೆರೆದು, ಉಪ್ಪನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ಉಜ್ಜಿ ತೊಳೆದು, ನವೆಂಬರಿನ ಬಿಸಿಲಿಗೆ ಒಂದು ವಾರ ಬಿಡಿ. ಬೆರಳಿನಿಂದ ತಟ್ಟಿದರೆ ಠಣ್ ಅನ್ನಬೇಕು. ಒದ್ದೆ ಚಟ್ಟಿ ಮಂಕಾಗಿ ಕೇಳುತ್ತದೆ.

ಓಡಾರಿಮಗ
ತಟ್ಟಿ ನೋಡುವುದು ಸರಿ. ಒಳಗೆ ಮುಚ್ಚುವುದು ಸರಿಯಲ್ಲ. ಗಿಡ ಕೊಳೆಯುತ್ತದೆ.

ಬ್ರಶ್_ಭಾವ
ಪ್ಲಾಸ್ಟಿಕ್ ಚಟ್ಟಿಯಲ್ಲಿ ಗಿಡ ಬದುಕುವುದಿಲ್ವಾ? ಗೋಡೆಯಿಂದ ನೀರು ಆರದ ಕಾರಣ ನೀರು ಕಡಿಮೆ ಹಾಕಬೇಕು, ಅಷ್ಟೇ.

ಓಡಾರಿಮಗ
ಹಾಗಾದರೆ ಪ್ಲಾಸ್ಟಿಕ್ಕೇ ತೆಗೆದುಕೊಳ್ಳಲಿ! ಮಣ್ಣಿನದ್ದು ತಂದು ಪ್ಲಾಸ್ಟಿಕ್ ಮಾಡುವುದು ಯಾಕೆ?

ಬ್ರಶ್_ಭಾವ
…ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ತಾರಸಿತೋಟ_ಕದ್ರಿ
ಮೂರನೆಯದ್ದು ಎಂತ ಭಾವ? ಜಗಳದಲ್ಲಿ ಮರೆತಿರಿ.

ಬ್ರಶ್_ಭಾವ
ಹೌದಲ್ಲ. ಕಂಠಕ್ಕೆ ಮಾತ್ರ ಬಣ್ಣ. ಮಣ್ಣನ್ನು ಎರಡು ಇಂಚು ಕೆಳಗೆ ನಿಲ್ಲಿಸಿದರೆ ಅಂಚಿನ ಪಟ್ಟಿ ಅಷ್ಟು ನೆನೆಯುವುದಿಲ್ಲ. ಕೆಳಗಿನ ಹೊಟ್ಟೆ ಬರಿದಾಗಿಯೇ ಇರಲಿ, ನೀರು ಅಲ್ಲಿಂದ ಹೊರಗೆ ಹೋಗುತ್ತದೆ. ಓಡಾರಿ ಅಣ್ಣನಿಗೂ ಸಿಟ್ಟು ಬರುವುದಿಲ್ಲ.

ಓಡಾರಿಮಗ
ಕಂಠಕ್ಕೆ ಆಗಬಹುದು.

ತಾರಸಿತೋಟ_ಕದ್ರಿ
ಡಿಸೆಂಬರಿನಲ್ಲಿ ಬರೆಯುತ್ತಿದ್ದೇನೆ, ಈ ಎಳೆ ಇನ್ನೂ ತೆರೆದೇ ಉಂಟು ಅಂತ ನೋಡಿ ಖುಷಿಯಾಯಿತು. ಎಂಟು ಚಟ್ಟಿಗೆ ಸುಣ್ಣ. ತುಳಸಿಪೂಜೆಯ ಮೊದಲೇ ಅತ್ತೆ ಕೂತು ಹಚ್ಚಿದರು, ನನ್ನ ಕೈಗೆ ಬ್ರಶ್ಶೇ ಕೊಡಲಿಲ್ಲ. ನಾಲ್ಕಕ್ಕೆ ಕಂಠಕ್ಕೆ ಮಾತ್ರ ಬಣ್ಣ, ಬಂಗುಡೆ ಸಾಲು ಅಲ್ಲಿಗೆ ಸರಿಯಾಗಿ ಕೂತಿತು. ತೊಳೆಯುವಾಗ ಒಂದು ಒಡೆಯಿತು. ಉಳಿದ ಒಂದು, ಅದೇ ಬೋರಲು ಬಿದ್ದಿದ್ದದ್ದು, ಜಗಲಿಗೆ ಬಂದಿದೆ, ಒಳಗೆ ಪ್ಲಾಸ್ಟಿಕ್ ಚಟ್ಟಿ ಇಟ್ಟು ಕ್ರೋಟನ್ ಹಾಕಿದ್ದೇನೆ. ಕೋಣವನ್ನು ಮಗಳು ಅದರ ಮೇಲೆ ಹೊಸದಾಗಿ ಬಿಡಿಸಿದಳು. ಈ ಸಲ ಎರಡು ಕೋಣ, ಹಿಂದೆ ಓಡಿಸುವವನೂ ಇದ್ದಾನೆ.

ದುಬೈ_ಕುಡ್ಲ
ಫೋಟೋ ಅಕ್ಕ, ಫೋಟೋ! ಮೂರು ತಿಂಗಳಿಂದ ಕೇಳುತ್ತಿದ್ದೇನೆ.

ಗುಳ್ಳ_ಕಟಪಾಡಿ
ಚಟ್ಟಿಗುಳ್ಳ ಎರಡು ಬಿಟ್ಟಿದೆ ಅಮ್ಮ. ಸಾಂಬಾರು ಮಾಡಿದೆ. ನೀವು ಹೇಳಿದ್ದೇ ಸರಿ ಇರಬೇಕು, ಆದರೆ ನಾನು ಒಪ್ಪುವುದಿಲ್ಲ.